ಮಳೆಗಾಲದಲ್ಲಿ ಬಯೋಸ್ ಅಪ್‌ಡೇಟ್: ಎಫ್‌ಡಬ್ಲ್ಯುಅಪ್‌ಡಿ ಹೇಗಿದೆ?

ಶಿರಸಿ ಪೇಟೆಯಿಂದ ಒಳಗೆ, ತೋಟದ ಮನೆ ನಮ್ಮದು. ಜುಲೈನಲ್ಲಿ ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮೆಷಿನ್ ಆನ್ ಮಾಡಿದ ಕೂಡಲೇ ಮೊದಲು ಓಡುವ, ಚಿಪ್ಪಿನೊಳಗಿನ ಸಾಫ್ಟ್‌ವೇರ್ ಬಯೋಸ್. ಹೊಸದನ್ನು ಬರೆಯುವಾಗ ಅರ್ಧದಲ್ಲಿ ಮೆಷಿನ್ ಆಫ್ ಆದರೆ ಮತ್ತೆ ಏಳದೇ ಹೋಗಬಹುದು. ಹಾಗಾಗಿ ಈ ಕೆಲಸ ಅಂದರೆ ನನಗೆ ಭಯವೇ. ಲಿನಕ್ಸಿನಲ್ಲಿ ಇದನ್ನು ಮಾಡಿಕೊಡುವ ಸಾಫ್ಟ್‌ವೇರ್ ಎಫ್‌ಡಬ್ಲ್ಯುಅಪ್‌ಡಿ.

ಹಿಂದಿನ ಲ್ಯಾಪ್‌ಟಾಪಿನ ಕಂಪನಿ ಬಯೋಸ್ ಫೈಲನ್ನು ವಿಂಡೋಸಿಗೆ ಮಾತ್ರ ಕೊಡುತ್ತಿತ್ತು. ನಾನು ಬಳಸುವುದು ಡೆಬಿಯನ್ ಲಿನಕ್ಸ್. ರಿಪೇರಿಗೆ ಒಯ್ದರೆ, "ವಿಂಡೋಸ್ ಹಾಕಿ ಕೊಡ್ತೇನೆ, ಬಿಡಿ" ಅಂದರು. ಆ ಅಪ್‌ಡೇಟ್ ಕೊನೆಗೂ ಆಗಲೇ ಇಲ್ಲ. ದುಡ್ಡು ಕೊಟ್ಟು ತಂದ ಮೆಷಿನ್, ಅದರ ತಪ್ಪು ತಿದ್ದಲು ಇನ್ನೊಂದು ಸಿಸ್ಟಮ್ ಯಾಕೆ ಬೇಕು?

ಈಗ ಇರುವುದು ಲೆನೊವೊ ಕಂಪನಿಯ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480. ಲೆನೊವೊ 2018ರಲ್ಲಿ ಎಲ್‌ವಿಎಫ್‌ಎಸ್ ಸೇರಿತು. ಕಂಪನಿಗಳು ಲಿನಕ್ಸ್‌ನವರಿಗಾಗಿ ಬಯೋಸಿನಂಥ ಫರ್ಮ್‌ವೇರ್ ತಂದಿಡುವ ಜಾಗ ಅದು. ರಿಚರ್ಡ್ ಹ್ಯೂಸ್ ಶುರು ಮಾಡಿದ್ದು. ಅಲ್ಲಿಂದ ಇಳಿಸಿ, ಡಿಜಿಟಲ್ ಸಹಿ ಸರಿಯಿದೆಯಾ ನೋಡಿ, ಹಾಕಿಕೊಡುವುದು ಎಫ್‌ಡಬ್ಲ್ಯುಅಪ್‌ಡಿ. ಟರ್ಮಿನಲ್‌ನಲ್ಲಿ ರಿಫ್ರೆಶ್, ಆಮೇಲೆ ಅಪ್‌ಡೇಟ್, ಅಷ್ಟೇ. ರೀಸ್ಟಾರ್ಟ್ ಆದಾಗ ಮೆಷಿನ್ ತಾನೇ ಬರೆದುಕೊಳ್ಳುತ್ತದೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಬೇರೆಯೇ. ಮೊದಲ ಸಲ ಕರೆಂಟ್ ಇಲ್ಲದಾಗ ಕೂತಿದ್ದೆ. ಚಾರ್ಜರ್ ಹಾಕದೆ ಮಾಡುವುದಿಲ್ಲ ಅಂತ ಸಾಫ್ಟ್‌ವೇರ್ ನಿಂತೇಬಿಟ್ಟಿತು. ಸಂಜೆ ಕರೆಂಟ್ ಬಂದ ಮೇಲೆ ಬ್ಯಾಟರಿ ಪೂರ್ತಿ ತುಂಬಿಸಿ, ಚಾರ್ಜರ್ ಹಾಕಿಯೇ ಮಾಡಿದೆ. ನಡುವೆ ಕರೆಂಟ್ ಹೋದರೂ ಬ್ಯಾಟರಿ ಇದೆಯಲ್ವಾ! ನಮ್ಮ ಕಡೆಯವರಿಗೆ ಇದೇ ದೊಡ್ಡ ಧೈರ್ಯ. ಡೆಸ್ಕ್‌ಟಾಪ್ ಇದ್ದವರು ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಆದರೆ ಹಾಕುವ ದಾರಿ ಮಾತ್ರ ತೆರೆದದ್ದು. ಬಯೋಸ್ ಒಳಗೆ ಏನಿದೆ ಅಂತ ನಾನು ನೋಡಲಾರೆ, ಅದು ಕಂಪನಿಯದ್ದೇ. ನೋಡಬೇಕು ಅನ್ನುವವರಿಗೆ ಬಯೋಸ್ ಜಾಗಕ್ಕೆ ಹಾಕುವ, ಕೋಡ್ ತೆರೆದಿಟ್ಟ ಕೋರ್‌ಬೂಟ್ ಇದೆ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಅನ್ನುವ ಹೆಸರಲ್ಲಿ ಹುಟ್ಟಿದ್ದು. ಅದನ್ನೇ ಹಾಕಲು ಸಿದ್ಧಮಾಡಿ ಕೊಡುವುದು ಲಿಬ್ರೆಬೂಟ್. ಕೆಲವೇ ಮೆಷಿನ್‌ಗಳಿಗೆ ಸಿಗುತ್ತದೆ. ಹೊಸ ಇಂಟೆಲ್ ಮೆಷಿನ್‌ಗಳಲ್ಲಿ ಇಂಟೆಲ್‌ನ ಮುಚ್ಚಿದ ತುಂಡುಗಳು ಆಗಲೂ ಉಳಿಯುತ್ತವೆ. ಹಳೇ ಥಿಂಕ್‌ಪ್ಯಾಡ್ ಎಕ್ಸ್200ರಲ್ಲಿ, ಒಳಗೆ ತನ್ನಷ್ಟಕ್ಕೇ ಓಡುವ ಅಂಥದ್ದೇ ತುಂಡಾದ ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನನ್ನೂ ಪೂರ್ತಿ ತೆಗೆಯಬಹುದು. ಆದರೆ ಮೆಷಿನ್ ಬಿಚ್ಚಿ, ಬಯೋಸ್ ಇರುವ ಚಿಪ್ಪಿಗೆ ಕ್ಲಿಪ್ ಕಚ್ಚಿಸಿ ಬರೆಯಬೇಕು. ಚಿಪ್ಪಿಗೆ 8 ಕಾಲೋ 16 ಕಾಲೋ ನೋಡಿಕೊಂಡೇ ಕ್ಲಿಪ್ ತರಿಸಿ. ಮೊದಲು ಚಿಪ್ಪಿನಲ್ಲಿರುವ ಹಳೆಯದನ್ನು ಎರಡು ಸಲ ಫೈಲಿಗೆ ಓದಿಕೊಂಡು, ಎರಡೂ ಒಂದೇ ಇದೆಯಾ ನೋಡಿ, ತೆಗೆದಿಡಿ.

ದಿನದ ಕೆಲಸಕ್ಕೆ ಎಫ್‌ಡಬ್ಲ್ಯುಅಪ್‌ಡಿ ಸಾಕು. ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಆ ಮಾಡೆಲ್ ಎಲ್‌ವಿಎಫ್‌ಎಸ್ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ಅಟ್ಟದಲ್ಲಿದ್ದ ಎಕ್ಸ್200 ಕೆಳಗಿಳಿಸಿದ್ದೇನೆ. ಕ್ಲಿಪ್ ಬಂದಿದೆ. ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಕೂರಬೇಕು.