ಐದು ಬಣ್ಣದ ಚುಕ್ಕಿಗಳಾಚೆ ತೋರಿಸುವ ಆ್ಯಪ್

ಪ್ಲೇಆಫ್ ಹತ್ತಿರವಾಯಿತೆಂದರೆ ನಮ್ಮ ಬೆಂಗಳೂರು ಎಫ್‌ಸಿ ಅಭಿಮಾನಿ ಬಳಗದಲ್ಲಿ ತಂಡದ ಲಯದ ಬಗ್ಗೆ ವಾದ ಕಾವೇರುತ್ತದೆ. ಆಗೆಲ್ಲ ನಾನು ತೆರೆಯುವುದು ಈ ಫುಟ್‌ಬಾಲ್ ಅಂಕಿಅಂಶಗಳ ಆ್ಯಪ್ ಅನ್ನು.

ಮೊದಲು ಕಾಣುವುದು ಕೊನೆಯ ಐದು ಪಂದ್ಯಗಳ ಚುಕ್ಕಿಗಳು: ಗೆಲುವಿಗೆ ಹಸಿರು, ಸೋಲಿಗೆ ಕೆಂಪು. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ದಯವಿಟ್ಟು ನಿಲ್ಲಬೇಡಿ. ಚುಕ್ಕಿಯನ್ನು ಒತ್ತಿದರೆ ಆ ಪಂದ್ಯದ ಒಂದೊಂದು ಹೊಡೆತವೂ ಮೈದಾನದ ನಕ್ಷೆಯ ಮೇಲೆ ತೆರೆದುಕೊಳ್ಳುತ್ತದೆ. ಗೋಲಾಗುವ ಸಂಭವ ಹೆಚ್ಚಿದ್ದಷ್ಟೂ ವೃತ್ತ ದೊಡ್ಡದು. ಪೆನಾಲ್ಟಿಯದು ಎದ್ದು ಕಾಣುತ್ತದೆ, ಮೂವತ್ತು ಗಜದಾಚೆಯ ಹೊಡೆತ ಸಾಸಿವೆ ಕಾಳಿನಷ್ಟು. 1-0 ಗೆಲುವು ದಕ್ಕಿಸಿಕೊಂಡದ್ದೋ ಅದೃಷ್ಟದ್ದೋ ಎಂಬುದು ಇಲ್ಲಿ ಗೊತ್ತಾಗುತ್ತದೆ. ಇದೊಂದಕ್ಕಾಗಿಯೇ ಆ್ಯಪ್ ಇಟ್ಟುಕೊಳ್ಳಬಹುದು.

ಕೊರತೆಯೂ ಇದೆ. ಎದುರಾಳಿಯ ಬಲಾಬಲವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಳದ ತಂಡವನ್ನು ಸೋಲಿಸಿದರೂ ಅದೇ ಹಸಿರು. ಗೋಲಿನ ಸೂಚನೆಯಂತೂ ಟಿವಿಗಿಂತ ಮೊದಲೇ ಬಂದು ರಸಭಂಗ ಮಾಡುತ್ತದೆ, ಅದನ್ನು ನಿಲ್ಲಿಸಿಡಿ.

"ಕೊನೆಯ ಹಂತದ ಲಯಕ್ಕೆ ಅರ್ಥವಿಲ್ಲ" ಎನ್ನುವ ಗೆಳೆಯರಿಗೆ ನಾನು 2022-23ರ ಋತುವನ್ನು ನೆನಪಿಸುತ್ತೇನೆ. ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ನಾಲ್ಕನೇ ಸ್ಥಾನಕ್ಕೇರಿದ ತಂಡ, ನಾಕೌಟ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಅನ್ನು, ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಯನ್ನು ದಾಟಿ ಫೈನಲ್ ಆಡಿತು. ಅಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತದ್ದು ಇನ್ನೂ ನೋಯುತ್ತದೆ.

ಐದಕ್ಕೆ ನಾಲ್ಕು ಅಂಕ. ಹಳೆಯ ಋತುಗಳ ಹೊಡೆತಗಳ ನಕ್ಷೆಯನ್ನೂ ಸೇರಿಸಿದರೆ ಐದನ್ನೂ ಕೊಡುತ್ತೇನೆ.