ಫನೆಲ್‌ವೆಬ್ ಜೇಡದ ಪ್ರತಿವಿಷ: ಒಂದು ವಿಮರ್ಶೆ
ಆಸ್ಟ್ರೇಲಿಯಾದ ಸಿಡ್ನಿ ಸುತ್ತಮುತ್ತ ವಾಸಿಸುವ ಫನೆಲ್‌ವೆಬ್ ಜೇಡದ, ಅದರಲ್ಲೂ ಗಂಡು ಜೇಡದ, ವಿಷವು ನರಕೋಶಗಳ ಸೋಡಿಯಂ ದ್ವಾರಗಳು ಮುಚ್ಚದಂತೆ ತಡೆಯುವುದರಿಂದ ನರಗಳು ಎಡೆಬಿಡದೆ ಸಂಕೇತಗಳನ್ನು ಕಳುಹಿಸತೊಡಗುತ್ತವೆ. ಬಾಯಿಯ ಸುತ್ತ ಜುಮ್ಮೆನ್ನುವುದು, ವಿಪರೀತ ಬೆವರು, ಜೊಲ್ಲು, ಸ್ನಾಯುಗಳ ಅದುರುವಿಕೆ, ಏರುವ ರಕ್ತದೊತ್ತಡ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು, ಇವೆಲ್ಲ ಕೆಲವೇ ಗಂಟೆಗಳಲ್ಲಿ ಸಂಭವಿಸಬಹುದು. ಈ ವಿಷವನ್ನು ಸ್ವಲ್ಪಸ್ವಲ್ಪವೇ ಚುಚ್ಚಿದ ಮೊಲಗಳ ರಕ್ತದಿಂದ ಪಡೆದ ಪ್ರತಿಕಾಯಗಳ (ವಿಷವನ್ನು ನಿಷ್ಕ್ರಿಯಗೊಳಿಸುವ ಪ್ರೋಟೀನುಗಳ) ಈ ಪ್ರತಿವಿಷ ಚುಚ್ಚುಮದ್ದು 1981ರಲ್ಲಿ ಬಳಕೆಗೆ ಬಂದಿತು. ಅದಕ್ಕೂ ಮೊದಲು 13 ಸಾವುಗಳು ದಾಖಲಾಗಿದ್ದವು. ಆನಂತರ ಒಂದೂ ಇಲ್ಲ. ಔಷಧವೊಂದಕ್ಕೆ ಇದಕ್ಕಿಂತ ದೊಡ್ಡ ಯೋಗ್ಯತಾಪತ್ರವನ್ನು ನಾನು ಕಾಣೆ. ಸಾರ್ವಜನಿಕರು ಹಿಡಿದು ತಂದುಕೊಡುವ ಜೇಡಗಳಿಂದಲೂ ಇದಕ್ಕೆ ಬೇಕಾದ ವಿಷವನ್ನು ಸಂಗ್ರಹಿಸುತ್ತಾರೆ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಮಿತಿಯೆಂದರೆ, ಇದನ್ನು ರಕ್ತನಾಳದ ಮೂಲಕ ಆಸ್ಪತ್ರೆಯಲ್ಲೇ ಕೊಡಬೇಕು. ಆದ್ದರಿಂದ ಕಚ್ಚಿಸಿಕೊಂಡ ಕೈಗೋ ಕಾಲಿಗೋ ಅಗಲವಾದ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಇರಿಸಿ, ತಡಮಾಡದೆ ಆಂಬುಲೆನ್ಸ್ ಕರೆಯಲೇಬೇಕು.