ಹಳೆ ಡಬ್ಬಿ, ಹೊಸ ಕಟೌಟ್: ಮೂರು ವರ್ಷ ಓಡಿಸಿದ ಮೇಲೆ

ಹಳೆ ಕಾರಿನ ಚಾರ್ಜಿಂಗ್ ಡಬ್ಬಿಯೊಳಗೆ ಹಳೆ ಕಾಯಿಲ್‌ಗಳ ಬದಲು ಕೂರಿಸುವ ಈ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬೋರ್ಡು ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಅದರ ಮೇಲೆ ನನಗೊಂದು ಸಿಟ್ಟಿದೆ. ಅದು 'ಟಿಕ್' ಅನ್ನುವುದಿಲ್ಲ.

ನಗಬೇಡಿ. ಡೈನಮೋ, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಹಳೆ ಕಾಲದ ಜನರೇಟರ್, ಇರುವ ಕಾರು ಇಟ್ಟುಕೊಂಡವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ನನ್ನದು 1960ರ ದಶಕದ ಮಾರಿಸ್ ಮೈನರ್. ಬೆಳಿಗ್ಗೆ ಬಾನೆಟ್ ಎತ್ತಿ, ಆಯಿಲ್ ನೋಡಿ, ನೀರು ನೋಡಿ, ಆಮೇಲೆ ಸ್ಟಾರ್ಟ್ ಮಾಡುವುದು ನನ್ನ ರೂಢಿ. ಎಂಜಿನ್ ಹತ್ತಿಕೊಂಡರೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುವುದಿಲ್ಲ. ಐಡ್ಲಿಂಗ್‌ನಲ್ಲಿ ಡೈನಮೋ ನಿದ್ದೆಗಣ್ಣಲ್ಲೇ ಇರುತ್ತದೆ. ಎದುರು ನಿಂತು ಕಾರ್ಬ್ಯುರೇಟರಿನ ಕಡ್ಡಿಯನ್ನು ಬೆರಳಲ್ಲಿ ಒಂಚೂರು ಎಳೆಯಬೇಕು. ಎಂಜಿನ್ ಸದ್ದು ಏರುತ್ತದೆ. ವೋಲ್ಟೇಜ್ 13ರ ಆಸುಪಾಸು ಬಂದ ಕೂಡಲೇ ಫೈರ್‌ವಾಲ್ ಮೇಲಿನ ಕಪ್ಪು ಡಬ್ಬಿಯೊಳಗೆ ಒಂದು ಸಣ್ಣ ತಗಡಿನ ನಾಲಿಗೆ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ. ಟಿಕ್. ಒಳಗೆ ಕೆಂಪು ದೀಪ ಆರುತ್ತದೆ. ಬ್ಯಾಟರಿಗೆ ಊಟ ಶುರುವಾಯಿತು ಅಂತ ಅರ್ಥ.

ಅದೇ ಕಟೌಟ್. ಸಿನಿಮಾ ಹೀರೋನದ್ದಲ್ಲ, ಲ್ಯೂಕಸ್ ಕಂಪನಿಯ ಆರ್‌ಬಿ106 ಡಬ್ಬಿಯದ್ದು. ಒಳಗೆ ಎರಡು ಕಾಯಿಲ್. ಒಂದು ಡೈನಮೋವನ್ನು ಬ್ಯಾಟರಿಗೆ ಜೋಡಿಸುತ್ತದೆ, ಬಿಡಿಸುತ್ತದೆ. ಇನ್ನೊಂದು ವೋಲ್ಟೇಜನ್ನು ಹಿಡಿತದಲ್ಲಿಡುತ್ತದೆ. ನನ್ನ ಡಬ್ಬಿಯಲ್ಲಿ ಎರಡನೆಯದರ ಪಾಯಿಂಟ್‌ಗಳು ಸುಟ್ಟು ಗುಳಿ ಬಿದ್ದಿದ್ದವು. ಉಜ್ಜಿ ಉಜ್ಜಿ ಸಾಕಾಗಿತ್ತು. ರಾತ್ರಿ ಹೆಡ್‌ಲೈಟ್ ಒಮ್ಮೆ ಬೆಳ್ಳಗೆ, ಒಮ್ಮೆ ಹಳದಿ. ಬ್ಯಾಟರಿ ವಾರಕ್ಕೊಮ್ಮೆ ಕೈ ಕೊಡುತ್ತಿತ್ತು.

ಡೈನಮೋ ತೆಗೆದು ಈಗಿನ ಕಾರುಗಳ ಥರ ಆಲ್ಟರ್ನೇಟರ್ ಹಾಕಿಸು ಅಂದವರೇ ಜಾಸ್ತಿ. ಆದರೆ ನನ್ನ ಕಾರು ಪಾಸಿಟಿವ್ ಅರ್ತಿಂಗ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ತಗಡಿಗೆ ಜೋಡಿಸಿರುವುದು. ಆಲ್ಟರ್ನೇಟರ್ ಬೇಕಂದರೆ ಸಾಮಾನ್ಯವಾಗಿ ಇಡೀ ಕಾರನ್ನು ನೆಗೆಟಿವ್‌ಗೆ ತಿರುಗಿಸಬೇಕು, ಬ್ರಾಕೆಟ್ ಬದಲಿಸಬೇಕು. ಕೊನೆಗೆ ಬಾನೆಟ್ ಎತ್ತಿದರೆ ಬೇರೆ ಯಾವುದೋ ಕಾರಿನ ಮುಖ ಕಾಣುತ್ತದೆ. ಬಣ್ಣ, ಟಿಂಕರಿಂಗ್ ಅಂತ ಆಗಲೇ ಕೈ ಖಾಲಿಯಾಗಿತ್ತು ಬೇರೆ. ಹಳೆ ಡಬ್ಬಿಯೊಳಗೇ ಕೂರುವ ಈ ಪುಟ್ಟ ಬೋರ್ಡು ನನ್ನ ಜೇಬಿಗೂ ಕಣ್ಣಿಗೂ ಒಪ್ಪಿತು.

ಹಾಕುವಾಗ ಒಂದು ಸಂಕಟ. ಜೊತೆಗೆ ಬಂದ ಚೀಟಿಯಲ್ಲಿ ಹಳೆ ಕಾಯಿಲ್‌ಗಳನ್ನು ಕತ್ತರಿಸಿ ಎಸೆಯಿರಿ, ಖಾಲಿ ತಳಕ್ಕೆ ಬೋರ್ಡು ಕೂರಿಸಿ ಅಂತಿತ್ತು. ಅಷ್ಟು ವರ್ಷ ದುಡಿದದ್ದನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಗುಜರಿಗೆ ಹೋಗಬೇಕಿದ್ದ ಇನ್ನೊಂದು ಡಬ್ಬಿ ಹುಡುಕಿ ತಂದು ಅದರ ಹೊಟ್ಟೆ ಖಾಲಿ ಮಾಡಿದೆ. ನೀವೂ ಹಾಗೇ ಮಾಡಿ. ಎ, ಎ1, ಎಫ್, ಡಿ, ಇ ಅಂತ ಐದು ಟರ್ಮಿನಲ್. ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಂಡರೆ ಸಾಕು. ಬ್ಯಾಟರಿ ವೈರ್ ಮೊದಲು ತೆಗೆಯುವುದು ಹೇಗೂ ಗೊತ್ತೇ ಇದೆ. ಪಾಸಿಟಿವ್ ಅರ್ತಿಂಗ್‌ಗೆ ಬೇರೆ ಬೋರ್ಡು, ನೆಗೆಟಿವ್‌ಗೆ ಬೇರೆ. ತಪ್ಪಿ ಹಾಕಿದರೆ ಒಂದೇ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ, ಬೋರ್ಡಿನದ್ದು.

ಮೊದಲ ವರ್ಷ ಹೊಗಳಿಕೆಯೇ. ಮಲ್ಟಿಮೀಟರ್ ಇಟ್ಟಾಗಲೆಲ್ಲ 14.2 ವೋಲ್ಟ್. ಹೆಡ್‌ಲೈಟ್ ಹಾಕಿ, ವೈಪರ್ ಹಾಕಿ, ಅಲ್ಲೇ ನಿಂತಿರುತ್ತಿತ್ತು. ಇದೇ ಹುರುಪಿನಲ್ಲಿ ಇಂಡಿಕೇಟರಿಗೆ ಎಲ್‌ಇಡಿ ಬಲ್ಬ್ ಹಾಕಲು ಹೋದೆ. ಹಳೆ ಫ್ಲ್ಯಾಶರ್ ಒಳಗಿನ ತಂತಿ ಕಾದು ಆರಿದರೆ ತಾನೇ ಮಿಟುಕುವುದು? ಅದಕ್ಕೆ 21 ವ್ಯಾಟ್ ಬಲ್ಬುಗಳೇ ಬೇಕು. ಎಲ್‌ಇಡಿ ಸುಮ್ನೆ ಉರಿದುಕೊಂಡೇ ಇತ್ತು. ಮಾರನೇ ದಿನವೇ ಹಳೆ ಬಲ್ಬ್ ವಾಪಸ್.

ಎರಡನೇ ವರ್ಷ ರಗಳೆ ಶುರು. ಒಂದು ಪಾರ್ಕಿಂಗ್ ಬಲ್ಬ್ ಹೋಯಿತು. ವಾರದಲ್ಲಿ ಬ್ರೇಕ್ ಲೈಟ್ ಹೋಯಿತು. ಒಂದು ಸಂಜೆ ಕಾರು ನಿಲ್ಲಿಸಿದರೆ ಮೂಗಿಗೆ ಘಾಟು ಬಡಿಯಿತು. ಬ್ಯಾಟರಿ ಕೊತಕೊತ ಅನ್ನುತ್ತಿತ್ತು, ನೀರು ಪ್ಲೇಟಿನ ಮಟ್ಟಕ್ಕೆ ಇಳಿದಿತ್ತು. ಮೀಟರ್ ಇಟ್ಟರೆ 15.8. ಅದೇ ರಾತ್ರಿ ಮಾರಿದವರಿಗೆ ಖಾರವಾಗಿ ಒಂದು ಮೇಲ್ ಬರೆದೆ. 'ಅರ್ತಿಂಗ್ ನೋಡಿ' ಅಂತ ಎರಡೇ ಪದದ ಉತ್ತರ ಬಂತು. ಮೈ ಉರಿದುಹೋಯಿತು. ಇಡೀ ಕಾರಿಗೆ ಹೊಸ ವೈರಿಂಗ್ ಹಾಕಿದವನು ನಾನು. ಅರ್ತಿಂಗ್ ನನಗೆ ಹೇಳಿಕೊಡುತ್ತಾರಾ?

ಎರಡು ದಿನ ಹಾಗೇ ಮುನಿಸಿಕೊಂಡಿದ್ದು, ಮೂರನೇ ದಿನ ಎಂಜಿನ್ ಚಾಲೂ ಮಾಡಿ ಇ (ಅರ್ತಿಂಗ್) ಟರ್ಮಿನಲ್‌ನಿಂದ ಕಾರಿನ ತಗಡಿಗೆ ಹೋಗುವ ಕಪ್ಪು ವೈರನ್ನು ಬೆರಳಲ್ಲಿ ಅಲ್ಲಾಡಿಸಿದೆ. ಮೀಟರ್ 14.2 ತೋರಿಸಿತು. ಬಿಟ್ಟೆ, 15.8. ಮತ್ತೆ ಒತ್ತಿ ಹಿಡಿದೆ, 14.2.

ಬೋಲ್ಟ್ ಬಿಚ್ಚಿದರೆ ವೈರಿನ ರಿಂಗಿನ ಕೆಳಗೆ ಫಳಫಳ ಹೊಳೆಯುವ ಬಣ್ಣ. ಕಾರಿಗೆ ಹೊಡೆಸಿದ ಹೊಸ ಬಣ್ಣ, ಮೂರು ಕೋಟ್! ಅಷ್ಟು ದಿನ ಬೋಲ್ಟಿನ ತಿರುಪಿನ ಮೂಲಕ ಹೇಗೋ ಕರೆಂಟ್ ಹರಿಯುತ್ತಿತ್ತು. ಅದು ತುಕ್ಕು ಹಿಡಿದು ಸಡಿಲವಾದ ಮೇಲೆ ಪಾಪ, ಬೋರ್ಡಿಗೆ ವೋಲ್ಟೇಜ್ ಎಷ್ಟಿದೆ ಅಂತಲೇ ತಿಳಿಯುತ್ತಿರಲಿಲ್ಲ. ತಿಳಿಯದೆ ಡೈನಮೋಗೆ ಹೊಡಿ ಹೊಡಿ ಅನ್ನುತ್ತಿತ್ತು. ಹಳೆ ಕಾಯಿಲ್ ಇದ್ದಿದ್ದರೂ ಇದೇ ಆಗುತ್ತಿತ್ತು. ಎಮರಿ ಪೇಪರಿನಲ್ಲಿ ಒಂದು ನಾಣ್ಯದಷ್ಟು ಜಾಗ ಬಿಳಿ ತಗಡು ಕಾಣುವ ತನಕ ಉಜ್ಜಿ, ನಕ್ಷತ್ರದ ವಾಷರ್ ಹಾಕಿ ಬಿಗಿದು, ಮೇಲೆ ಒಂಚೂರು ಗ್ರೀಸ್ ಸವರಿದೆ. ಆವತ್ತಿನಿಂದ ಇವತ್ತಿನವರೆಗೂ 14.2. ಕ್ಷಮಿಸಿ ಅಂತ ಇನ್ನೊಂದು ಮೇಲ್ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಆದರೂ ಒಂದು ಮಾತು. ಇದು ಹೋಗುವುದೇ ಹೊಸ ಬಣ್ಣ ಹೊಡೆದ ಹಳೆ ಕಾರುಗಳಿಗೆ ಅಲ್ವಾ? ಚೀಟಿಯಲ್ಲಿ 'ಬಣ್ಣ ಕೆರೆಯಿರಿ' ಅಂತ ಒಂದು ಸಾಲು ಹಾಕಿದ್ದರೆ ನನ್ನ ಬ್ಯಾಟರಿ ಉಳಿಯುತ್ತಿತ್ತು.

ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡಿಸುವವರು ಇದರಿಂದ ಪವಾಡ ನಿರೀಕ್ಷಿಸಬೇಡಿ. ನನ್ನ ಕಾರಿನಲ್ಲಿರುವ ಸಿ40 ಡೈನಮೋ ಜೋರಾಗಿ ತಿರುಗಿದಾಗಲೇ ಕೊಡುವುದು ಹೆಚ್ಚೆಂದರೆ 22 ಆಂಪಿಯರ್. ಐಡ್ಲಿಂಗ್‌ನಲ್ಲಿ ಅದು ಏನೂ ಕೊಡದಿದ್ದರೆ ಬೋರ್ಡು ಎಲ್ಲಿಂದ ತರುತ್ತದೆ? ರಾತ್ರಿ ಹೊತ್ತು ಉದ್ದಕ್ಕೆ ಓಡಿಸುವವರು ಕಣ್ಣು ಮುಚ್ಚಿ ಹಾಕಿಸಿ.

ನನ್ನ ಅಸಲಿ ಡಬ್ಬಿ ಈಗ ಬಟ್ಟೆಯಲ್ಲಿ ಸುತ್ತಿಕೊಂಡು ಡಿಕ್ಕಿಯಲ್ಲಿದೆ. ರಿಪೇರಿಯವರೊಬ್ಬರು ಅದರ ಪಾಯಿಂಟ್ ಬದಲಿಸಿ ಕೊಟ್ಟಿದ್ದಾರೆ. ಹಳೆ ಕಾರುಗಳ ಪ್ರದರ್ಶನಕ್ಕೆ ಹೋಗುವ ದಿನ ಐದು ವೈರ್ ಬಿಚ್ಚಿ ಅದನ್ನೇ ಹಾಕುತ್ತೇನೆ, ಸಂಜೆ ಬಂದು ಮತ್ತೆ ಬೋರ್ಡು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ಮತ್ಯಾಕೆ ಈ ಸರ್ಕಸ್ಸು ಅಂತ ಮಗಳು ಕೇಳಿದಳು. ಬಾನೆಟ್ ಎತ್ತಿ, ಅವಳ ಕೈಯಿಂದಲೇ ಕಾರ್ಬ್ಯುರೇಟರಿನ ಕಡ್ಡಿ ಎಳೆಸಿದೆ.

'ಏನೋ ಟಿಕ್ ಅಂತಲ್ಲಪ್ಪಾ,' ಅಂದಳು.